ಕೊಲ್ಲೂರಿನ ಗುಡಿಯೂ ಕೊಡಚಾದ್ರಿಯ ಬೆಟ್ಟವೂ

ಶ್ರೀ ಮೂಕಾಂಬಿಕೆಯ ದರ್ಶನಕ್ಕೆಂದು ವರ್ಷವರ್ಷವೂ ಕೊಲ್ಲೂರಿಗೆ ಹೋಗಿಬರುವ ಲಕ್ಷಾಂತರ ಯಾತ್ರಿಕರಲ್ಲಿ, ತಾವು ಕೈಮುಗಿದ ಗುಡಿಯು ಉಡುಪಿ ಜಿಲ್ಲೆಯಲ್ಲಿಯೂ, ಆ ಗುಡಿಯ ಬೆನ್ನಿಗೆ ನಿಂತ ಬೆಟ್ಟದ ತುದಿಯು ಶಿವಮೊಗ್ಗ ಜಿಲ್ಲೆಯಲ್ಲಿಯೂ ಇರುವದನ್ನು ಗಮನಿಸುವವರು ಎಷ್ಟು ಮಂದಿಯೋ ನಾವು ಕಾಣೆವು. ಗಮನಿಸದಿರುವದೇ ಸಹಜ. ಭಕ್ತನ ಕಣ್ಣಿಗೆ ಅಲ್ಲಿ ಗಡಿಯೆಂಬುದು ಬೀಳುವದಿಲ್ಲ. ಆದರೆ ಸರಕಾರದ ಕಾಗದಪತ್ರಗಳಲ್ಲಿ ಗಡಿಯುಂಟು. ಬೆಟ್ಟದ ಹಾದಿಯನ್ನು ದುರಸ್ತಿ ಮಾಡತಕ್ಕವರು ಯಾರು, ಹೊಳೆಯನ್ನು ಕಾಯತಕ್ಕವರು ಯಾರು, ಯಾತ್ರಿಕನು ತುದಿಯಲ್ಲಿ ಎಸೆದುಬಂದ ಕಸವನ್ನು ಹೊತ್ತು ಕೆಳಗಿಳಿಸತಕ್ಕವರು ಯಾರು ಎಂದು ಕೇಳಿದೊಡನೆ ಆ ಗಡಿಯು ಎದ್ದು ನಿಲ್ಲುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ದೊರೆಯುವ ಮೊದಲೇ, ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಎಂಬ ತಂತಿದಾರಿಯನ್ನು ಕಟ್ಟುವ ಮಾತು ಹೊರಟಿದೆ. ಆದಕಾರಣ ಈ ವಿಷಯವನ್ನು ಮಹಾಜನರ ಮುಂದೆ ಇಡುವದು ಅವಶ್ಯವೆಂದು ನಮಗೆ ತೋರಿತು.

ಇದು ನಿನ್ನೆ ಮೊನ್ನೆ ಗೀಚಿದ ಗೆರೆಯಲ್ಲ. ಕೆಳದಿಯ ಅರಸರು ಹದಿನೇಳನೆಯ ಶತಮಾನದಲ್ಲಿ ಬಿದನೂರನ್ನು ರಾಜಧಾನಿಯಾಗಿ ಮಾಡಿಕೊಂಡು ಆಳುತ್ತಿದ್ದಾಗ ಘಟ್ಟದ ಮೇಲಣ ಸೀಮೆಗೂ ಕೆಳಗಣ ಕರಾವಳಿಗೂ ಒಂದೇ ಒಡೆತನವಿತ್ತು. ಘಾಟಿಯ ಹಾದಿಗಳಲ್ಲಿ ಮೆಣಸಿನ ಹೇರು ಬಸರೂರು, ಗಂಗೊಳ್ಳಿಗಳ ಕಡೆಗೆ ಇಳಿಯುತ್ತಿತ್ತು. ಕಡಲ ಉಪ್ಪು ಮೇಲೇರುತ್ತಿತ್ತು. ಹೈದರಾಲಿಯು ೧೭೬೩ರಲ್ಲಿ ಬಿದನೂರನ್ನು ಹಿಡಿದಾಗಲೂ ಎರಡೂ ಒಟ್ಟಿಗೇ ಕೈಬದಲಾದವು. ಗೆರೆ ಬಿದ್ದದ್ದು ೧೭೯೯ರಲ್ಲಿ. ಶ್ರೀರಂಗಪಟ್ಟಣವು ಬಿದ್ದ ಮೇಲೆ ಕುಂಪಣಿಯವರು ಕಡಲ ದಂಡೆಯ ಕನ್ನಡ ಸೀಮೆಯನ್ನು ತಮಗೆ ಇಟ್ಟುಕೊಂಡು ನಗರದ ಸೀಮೆಯನ್ನು ಮೈಸೂರಿನ ಅರಸರಿಗೆ ಬಿಟ್ಟುಕೊಟ್ಟರು. ಗುಡಿಯು ಮದರಾಸಿಗಾಯಿತು, ಬೆಟ್ಟದ ತುದಿಯು ಮೈಸೂರಿಗಾಯಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಇಲಾಖೆಗೆ ಸೇರಿಸಿದ ಮೇಲಂತೂ ಕೊಡಚಾದ್ರಿಯ ನೆತ್ತಿಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತವನ ಕಾಲ ಕೆಳಗೆ ಮೈಸೂರು, ಕಣ್ಣೆದುರಿಗೆ ಮದರಾಸು, ಬಲಗೈಯ ಕಡೆಗೆ ಭಟ್ಕಳದಾಚೆ ಮುಂಬಯಿ! ಒಂದೇ ನೋಟದಲ್ಲಿ ಮೂರು ಸರಕಾರಗಳನ್ನು ಕಾಣುವ ಈ ಭಾಗ್ಯವನ್ನು ಕನ್ನಡಿಗರು ಬೇಡಿ ಪಡೆದುದಲ್ಲ.

೧೯೫೬ರ ನವೆಂಬರ ೧ರಂದು ಆ ಗೆರೆಯು ಅಳಿಯಿತು. ೧೫೭ ವರ್ಷಗಳ ತರುವಾಯ ತಾಯಿಯ ಗುಡಿಯೂ ತಾಯಿಯ ಬೆಟ್ಟವೂ ಒಂದು ಪ್ರಾಂತದಲ್ಲಿ ಸೇರಿದವು. ಆದರೆ ಭೂಪಟದಲ್ಲಿ ಒಂದಾದದ್ದು ಆಡಳಿತದಲ್ಲಿ ಒಡನೆಯೇ ಒಂದಾಗಲಿಲ್ಲವೆಂಬುದಕ್ಕೆ ಕೊಲ್ಲೂರೇ ಒಂದು ಸಾಕ್ಷಿ. ಮದರಾಸು ಸರಕಾರವು ೧೯೫೧ರಲ್ಲಿ ಮಾಡಿದ ಧರ್ಮಾದಾಯದ ಕಾನೂನೇ, ಪ್ರಾಂತವು ಒಂದಾಗಿ ನಾಲ್ಕು ದಶಕಗಳು ಕಳೆದರೂ, ನಮ್ಮ ಕರಾವಳಿಯ ದೇವಸ್ಥಾನಗಳಿಗೆ ಅನ್ವಯಿಸುತ್ತಿತ್ತು. ಹಳೆಯ ಮೈಸೂರಿಗೆ ಒಂದು, ಮುಂಬಯಿ ಕಡೆಯವರಿಗೆ ಒಂದು, ಹೈದರಾಬಾದಿನವರಿಗೆ ಒಂದು, ಕೊಡಗಿಗೆ ಒಂದು, ನಮಗೆ ಒಂದು—ಹೀಗೆ ಒಂದೇ ನಾಡಿನಲ್ಲಿ ದೇವರುಗಳಿಗೆ ಐದು ಬಗೆಯ ಕಾನೂನು! ಎಲ್ಲಕ್ಕೂ ಒಂದೇ ಕಾನೂನನ್ನು ೧೯೯೭ರಲ್ಲಿ ಬರೆದರು. ಅದು ಜಾರಿಗೆ ಬಂದುದು ೨೦೦೩ರಲ್ಲಿ. ನಾಡು ಕೂಡಿದರೆ ಎಲ್ಲವೂ ತಾನಾಗಿ ಕೂಡಿಕೊಳ್ಳುವದೆಂದು ನಂಬಿದವರು ಈ ಇಸವಿಗಳನ್ನು ಒಮ್ಮೆ ಎಣಿಸಿ ನೋಡಬೇಕು.

ಗುಡಿಯನ್ನೂ ಬೆಟ್ಟವನ್ನೂ ಬೇರೆ ಬೇರೆ ಮಾಡಿ ನೋಡುವದು ಕ್ಷೇತ್ರದ ಐತಿಹ್ಯಕ್ಕೇ ವಿರುದ್ಧವಾದುದು. ಕಂಹಾಸುರನೆಂಬ ದೈತ್ಯನು ತಪಸ್ಸು ಮಾಡಿ ವರವನ್ನು ಬೇಡುವಷ್ಟರಲ್ಲಿ ದೇವಿಯು ಅವನ ಮಾತನ್ನು ಕಟ್ಟಿದಳು. ಮೂಕನಾದ ಅವನನ್ನು ಕೊಂದು ಮೂಕಾಂಬಿಕೆಯಾದಳು. ಅವನು ಸತ್ತ ಸ್ಥಳವೇ ಚಕ್ರಾ ನದಿಯ ದಂಡೆಯ ಮಾರಣಕಟ್ಟೆ. ಅವನನ್ನು ಕೊಂದ ತ್ರಿಶೂಲವಿದೆಂದು ಜನರು ತೋರಿಸುವದು ಕೊಡಚಾದ್ರಿಯ ಮೂಲಸ್ಥಾನದ ಗುಡಿಯೆದುರಿನ ಎತ್ತರದ ಕಬ್ಬಿಣದ ಕಂಬವನ್ನು. (ಮಳೆಗಾಳಿಗೆ ನಿಂತ ಆ ಕಂಬವನ್ನು ಲೋಹಶಾಸ್ತ್ರ ಬಲ್ಲವರು ಪರೀಕ್ಷಿಸಿದ್ದಾರೆ, ನಮ್ಮ ಕಮ್ಮಾರರ ಕುಲುಮೆಯ ಕೈಚಳಕಕ್ಕೆ ಅದು ಒಳ್ಳೆಯ ಗುರುತು.) ಅಲ್ಲಿಂದ ಸುಮಾರು ಎರಡು ಕಿಲೋಮೀಟರು ಏರಿದರೆ ಶಂಕರಾಚಾರ್ಯರು ಕುಳಿತರೆಂದು ಹೇಳುವ ಸರ್ವಜ್ಞ ಪೀಠದ ಕಲ್ಲುಮಂಟಪ, ಅದಕ್ಕೂ ಆಚೆ ಚಿತ್ರಮೂಲದ ಗವಿ. ಆಚಾರ್ಯರು ದೇವಿಯನ್ನು ತಮ್ಮ ಕೇರಳಕ್ಕೆ ಕರೆದೊಯ್ಯಬಯಸಿದರಂತೆ. ಹಿಂದಿರುಗಿ ನೋಡಕೂಡದೆಂಬ ಕರಾರಿನ ಮೇಲೆ ಆಕೆಯು ಬೆಟ್ಟದಿಂದ ಅವರ ಹಿಂದೆ ಇಳಿದುಬಂದಳಂತೆ. ಕೊಲ್ಲೂರಿಗೆ ಬರುವಷ್ಟರಲ್ಲಿ ಗೆಜ್ಜೆಯ ಸದ್ದು ನಿಂತಿತು, ಆಚಾರ್ಯರು ತಿರುಗಿ ನೋಡಿದರು, ತಾಯಿಯು ಅಲ್ಲಿಯೇ ನಿಂತಳು. ಈ ಕಥೆಯನ್ನು ಇತಿಹಾಸವೆಂದು ಯಾರೂ ಒತ್ತಾಯಿಸಬೇಕಾಗಿಲ್ಲ. ಅದರಲ್ಲಿ ಅಡಗಿರುವ ಭೂಗೋಳವನ್ನು ಮಾತ್ರ ಬಿಡಬಾರದು. ದೇವಿಯು ಬಂದದ್ದು ಬೆಟ್ಟದಿಂದ, ಬಂದದ್ದು ಕಾಲ್ನಡಿಗೆಯಿಂದ.

ಕೇರಳದ ಬಂಧುಗಳು ಈ ಕ್ಷೇತ್ರವನ್ನು ತಮ್ಮ ಮನೆಯಂಗಳವೆಂದೇ ಭಾವಿಸಿರುವದಕ್ಕೆ ಈ ಕಥೆಯೂ ಒಂದು ಕಾರಣ. ತಮ್ಮ ಊರಿಗೆ ಹೊರಟಿದ್ದ ತಾಯಿಯು ನಡುದಾರಿಯಲ್ಲಿ ನಿಂತಳಾದರೆ ಮಕ್ಕಳೇ ಅಲ್ಲಿಗೆ ಬರುವದು ನ್ಯಾಯವಷ್ಟೆ! ನವರಾತ್ರಿಯಲ್ಲಿಯೂ ವಿಜಯದಶಮಿಯ ವಿದ್ಯಾರಂಭದಲ್ಲಿಯೂ ಮಲಯಾಳದಿಂದ ಬರುವ ಕುಟುಂಬಗಳು ಮಕ್ಕಳ ಕೈಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸುತ್ತವೆ. ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಗಾಯಕ ಯೇಸುದಾಸರು ತಮ್ಮ ಜನ್ಮದಿನವಾದ ಜನವರಿ ೧೦ರಂದು ಅನೇಕ ವರ್ಷಗಳ ಕಾಲ ಇಲ್ಲಿಗೆ ಬಂದು ಹಾಡಿದ್ದನ್ನು ಕೇಳಿದವರು ಕುಂದಾಪುರದಲ್ಲಿ ಬಹಳ ಮಂದಿಯಿದ್ದಾರೆ. ತಮಿಳು ನಾಡಿನ ಮುಖ್ಯಮಂತ್ರಿಯಾಗಿದ್ದ ಎಂ. ಜಿ. ರಾಮಚಂದ್ರನ್ನರು ಚಿನ್ನದ ಖಡ್ಗವನ್ನು ಒಪ್ಪಿಸಿದರು. ಕೊಂಕಣ ರೈಲು ೧೯೯೮ರಲ್ಲಿ ಪೂರ್ಣವಾದ ಮೇಲೆ ಬೈಂದೂರಿನ ನಿಲ್ದಾಣಕ್ಕೆ ಮೂಕಾಂಬಿಕಾ ರೋಡ್ ಎಂಬ ಹೆಸರೂ ಸೇರಿದ್ದು ಈ ದೂರದ ಯಾತ್ರಿಕರಿಗಾಗಿಯೇ. ಕೊಲ್ಲೂರಿನ ಬೀದಿಯಲ್ಲಿ ಮಲಯಾಳದ ಫಲಕಗಳು ಹೆಚ್ಚಾದುವೆಂದು ಕೆಲವರು ಕೋಪಿಸಿಕೊಳ್ಳುವದುಂಟು. ಕನ್ನಡದ ಫಲಕವು ಮೊದಲಿಗಿರಬೇಕೆಂಬುದು ನಮ್ಮ ಆಗ್ರಹವೂ ಹೌದು. ಆದರೆ ಮನೆಯೊಡತಿಯ ಅಂಗಳಕ್ಕೆ ನೆರೆಯವರು ಬಂದರೆಂದು ಮನೆಯವರು ಮುನಿಸಿಕೊಳ್ಳುವದು ಮರ್ಯಾದೆಯಲ್ಲ. ನಾಚಿಕೆಯಾಗಬೇಕಾದುದು ಬೇರೆಯದಕ್ಕೆ: ಬಂದ ನೆರೆಯವರು ಸ್ನಾನ ಮಾಡುವ ಹೊಳೆಯನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಎಂಬುದಕ್ಕೆ.

ಸೌಪರ್ಣಿಕೆಯು ಆ ಬೆಟ್ಟದ ಮಗಳು. ಗರುಡನು ಅವಳ ದಂಡೆಯಲ್ಲಿ ತಪಸ್ಸು ಮಾಡಿದ್ದರಿಂದ ಆ ಹೆಸರು ಬಂತೆನ್ನುತ್ತಾರೆ. ಕೊಡಚಾದ್ರಿಯ ಪಡುವಣ ಮೈಯಲ್ಲಿ ಹುಟ್ಟಿ, ಕೊಲ್ಲೂರಿನಲ್ಲಿ ತೀರ್ಥವೆನಿಸಿ, ಮರವಂತೆಯಲ್ಲಿ ಕಡಲಿಗೆ ಒಂದು ರಸ್ತೆಯಷ್ಟೇ ದೂರಕ್ಕೆ ಬಂದು, ಏನು ನೆನೆದಳೋ, ತಿರುಗಿ ತೆಂಕಣಕ್ಕೆ ಹರಿದು ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತಾಳೆ. ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ನಾಲ್ವರು ಅಕ್ಕತಂಗಿಯರು ಅಲ್ಲಿ ಕೂಡುವದರಿಂದಲೇ ಅದಕ್ಕೆ ಪಂಚಗಂಗಾವಳಿಯೆಂದು ಹೆಸರು. ಇವರಲ್ಲಿ ಕುಬ್ಜೆಯು ಮಳೆಗಾಲದಲ್ಲಿ ಉಕ್ಕಿ ಕಮಲಶಿಲೆಯ ಗರ್ಭಗುಡಿಗೆ ನುಗ್ಗಿ ಬ್ರಾಹ್ಮೀ ದುರ್ಗಾಪರಮೇಶ್ವರಿಯ ಪಾದವನ್ನು ತೊಳೆದು ಹೋಗುವದನ್ನು ನೋಡಲು ಜನರು ಕಾದಿರುತ್ತಾರೆ. ಆ ವರ್ಷ ಹೊಳೆಯು ಒಳಗೆ ಬಾರದಿದ್ದರೆ ಊರಿಗೇ ಕಳವಳ. ನಮ್ಮ ಸೀಮೆಯಲ್ಲಿ ದೇವಿಯೆಂದರೂ ನೀರೆಂದರೂ ಒಂದೇ ಮಾತು.

ಈ ನೀರನ್ನು ನಂಬಿಕೊಂಡವರು ಯಾತ್ರಿಕರಷ್ಟೇ ಅಲ್ಲ. ಹೆಮ್ಮಾಡಿಯ ಸುತ್ತಿನ ಗದ್ದೆಗಳಲ್ಲಿ ಬೆಳೆಯುವ ಸೇವಂತಿಗೆಯು ಮಕರ ಸಂಕ್ರಾಂತಿಯ ಮಾರಣಕಟ್ಟೆಯ ಜಾತ್ರೆಗೆ ಹೊರಡುತ್ತದೆ. ಅದಕ್ಕೆ ಸಿಹಿನೀರು ಬೇಕು. ಬೇಸಗೆಯಲ್ಲಿ ಮೇಲಿನಿಂದ ಹರಿದುಬರುವ ನೀರು ಬಡವಾದಷ್ಟೂ ಕೆಳಗಿನಿಂದ ಉಪ್ಪುನೀರು ಹೊಳೆಯೊಳಗೆ ಏರುತ್ತದೆ. ಅದನ್ನು ತಡೆಯಲೆಂದೇ ಅಲ್ಲಲ್ಲಿ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವದು. ಹಲಗೆ ಹಾಕಿದರೂ ಮೇಲಿನ ಕಾಡು ಬೋಳಾದರೆ ಹಿಂದೆ ನಿಲ್ಲುವದಕ್ಕೆ ನೀರಾದರೂ ಎಲ್ಲಿಂದ ಬಂದೀತು? ಬೆಟ್ಟದ ತುದಿಯಲ್ಲಿ ಕಡಿದ ಮರದ ಲೆಕ್ಕವು ಕೊನೆಗೆ ಕುಂದಾಪುರದ ಬಾವಿಯಲ್ಲಿ ಬರೆಯಲ್ಪಡುತ್ತದೆ.

ಈಗ ಹೊಳೆಯ ಸ್ಥಿತಿಯನ್ನು ನೋಡಿ. ವಸತಿಗೃಹಗಳು ಏಳುತ್ತಲೇ ಇವೆ. ಅವುಗಳ ಕೊಳಚೆಯು ಅಗ್ನಿತೀರ್ಥಕ್ಕೂ ಸೌಪರ್ಣಿಕೆಗೂ ಸೇರುತ್ತಿದೆಯೆಂಬ ದೂರು ಊರಿನಲ್ಲಿ ಹಳೆಯದು. ಒಳಚರಂಡಿಯ ಕೆಲಸವು ನಡೆಯಿತು, ಹಣವು ವೆಚ್ಚವಾಯಿತು. ಆದರೂ ದೂರು ನಿಲ್ಲದೆ ಹಸಿರು ನ್ಯಾಯಾಧಿಕರಣದ ಮೆಟ್ಟಿಲನ್ನೂ ಏರಿತು. ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟರೆ ಪಾಪ ಹರಿಯುವದೆಂದು ಕೆಲವು ಯಾತ್ರಿಕರಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಈ ದೇವಸ್ಥಾನವು ಬಡದೇವಸ್ಥಾನವಲ್ಲ. ಕರ್ನಾಟಕದ ಮುಜರಾಯಿ ದೇವಾಲಯಗಳಲ್ಲಿ ವರಮಾನದ ದೃಷ್ಟಿಯಿಂದ ಕುಕ್ಕೆ ಸುಬ್ರಹ್ಮಣ್ಯದ ಅನಂತರ ಬಹಳ ಸಲ ಎಣಿಸುವ ಹೆಸರು ಕೊಲ್ಲೂರಿನದೇ. ಚಂಡಿಕಾಹೋಮದ ಸಂಕಲ್ಪಕ್ಕೆ ನೀರು ಬಿಡುವಾಗ ಆ ನೀರು ಎಲ್ಲಿಂದ ಬಂತೆಂದು ಕೇಳುವವರು ಇದ್ದಿದ್ದರೆ ಇಷ್ಟರೊಳಗೆ ಏನಾದರೂ ಆಗುತ್ತಿತ್ತು.

ಬೆಟ್ಟದ ಮೇಲಿನ ಕಥೆಯು ಬೇರೊಂದು ಬಗೆಯದು. ೧೩೪೩ ಮೀಟರು ಎತ್ತರದ ಆ ತುದಿಗೆ ಕೊಲ್ಲೂರಿನಿಂದ ಕಾಡಿನೊಳಗೆ ಏರುವ ಹಳೆಯ ಕಾಲುಹಾದಿಯುಂಟು. ಮೂಡಣದ ನಿಟ್ಟೂರಿನ ಕಡೆಯಿಂದ ಹಿಡ್ಲುಮನೆಯ ಅಬ್ಬಿಯ ಪಕ್ಕದಲ್ಲಿ ಏರುವ ಹಾದಿಯೂ ಉಂಟು. ಇಂದು ಹೆಚ್ಚಿನವರು ಹೋಗುವದು ಬಾಡಿಗೆಯ ಜೀಪಿನಲ್ಲಿ. ನಾಗೋಡಿಯ ಘಾಟಿಯನ್ನು ಹತ್ತಿ ಸುತ್ತಿಕೊಂಡು ಹೋಗಿ, ಕೊನೆಯಲ್ಲಿ ಕೆಸರೂ ಕಲ್ಲೂ ತುಂಬಿದ ಏರನ್ನು ಮೈಯೆಲುಬು ಸಡಿಲವಾಗುವಂತೆ ಕುಲುಕಿಕೊಂಡು ಏರುವ ಆ ಪ್ರಯಾಣವನ್ನು ಮಾಡಿದವರು, ಮುದುಕರಿಗೂ ಇದು ಅನುಕೂಲವೆಂಬ ಮಾತನ್ನು ಬೇಗನೆ ಆಡಲಾರರು. ಚಾಲಕರ ಜಾಣ್ಮೆಯನ್ನು ಮಾತ್ರ ಮೆಚ್ಚಬೇಕು. ಮೂಲಸ್ಥಾನದ ಬಳಿಯಲ್ಲಿ ಇಳಿದು ಪೀಠದ ವರೆಗೆ ನಡೆದು, ಸೂರ್ಯಾಸ್ತವನ್ನು ನೋಡಿ, ಚಿತ್ರವನ್ನು ತೆಗೆದುಕೊಂಡು, ನೀರಿನ ಶೀಸೆಯನ್ನು ಹುಲ್ಲಿನ ಮೇಲೆ ಬಿಟ್ಟು ಮರಳುವವರ ಸಂಖ್ಯೆಯು ಹೆಚ್ಚುತ್ತಿದೆ. ಕಾಣಿಕೆಯ ಡಬ್ಬಿಯು ಕೆಳಗಿನ ಜಿಲ್ಲೆಯಲ್ಲಿ, ಕಸವು ಮೇಲಿನ ಜಿಲ್ಲೆಯಲ್ಲಿ.

ಹೀಗಿರಲು ಬಂದಿದೆ ತಂತಿದಾರಿಯ ಮಾತು. ೨೦೨೨ರ ಕೇಂದ್ರದ ಆಯವ್ಯಯದಲ್ಲಿ ಸಾರಿದ ಪರ್ವತಮಾಲಾ ಯೋಜನೆಯೊಡನೆ ಕೊಡಚಾದ್ರಿಯ ಹೆಸರೂ ಕೇಳಿಬಂತು. ಸುಮಾರು ೭ ಕಿಲೋಮೀಟರು ಉದ್ದವೆಂದರು. ಅಂದಿನಿಂದ ಅದನ್ನು ಹೊಗಳುವವರೂ ಹಳಿಯುವವರೂ ಸಮನಾಗಿ ಮಾತಾಡುತ್ತಿದ್ದಾರೆ. ಹೊಗಳುವವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವದಿಲ್ಲ. ಕಾಲಿಲ್ಲದವರಿಗೆ, ವಯಸ್ಸಾದವರಿಗೆ ಮೂಲಸ್ಥಾನದ ದರ್ಶನವು ದೊರೆಯಬೇಕು. ಜೀಪುಗಳು ಕೊರೆದ ಮಣ್ಣಿನ ದಾರಿಯಿಂದ ಬೆಟ್ಟಕ್ಕೆ ಹಾನಿಯೇ ಆಗುತ್ತಿದೆ. ತಂತಿಯು ನೆಲವನ್ನು ಮುಟ್ಟದೆ ಹೋಗುವದಲ್ಲವೆ?—ಎಂದು ಅವರು ಕೇಳುತ್ತಾರೆ. ತಂತಿಯು ಮುಟ್ಟುವದಿಲ್ಲ, ನಿಜ. ಆದರೆ ತಂತಿಯನ್ನು ಹೊರುವ ಗೋಪುರಗಳು ಮುಟ್ಟುತ್ತವೆ, ಗೋಪುರಗಳನ್ನು ನೆಡಲು ಯಂತ್ರಗಳನ್ನು ಒಯ್ಯುವ ರಸ್ತೆಯು ಮುಟ್ಟುತ್ತದೆ, ಮೇಲಿನ ನಿಲ್ದಾಣವೂ ಅದರ ಸುತ್ತ ಹುಟ್ಟುವ ಅಂಗಡಿ, ಉಪಾಹಾರಗೃಹ, ಶೌಚಾಲಯಗಳೂ ಮುಟ್ಟುತ್ತವೆ. ಬೆಟ್ಟದ ಪಡುವಣ ಇಳಿಜಾರಿನ ಕಾಡು ೧೯೭೪ರಿಂದ ಮೂಕಾಂಬಿಕಾ ವನ್ಯಜೀವಿಧಾಮವಾಗಿದೆ. ಲೋಕದಲ್ಲಿ ಪಶ್ಚಿಮ ಘಟ್ಟವನ್ನು ಬಿಟ್ಟು ಇನ್ನೆಲ್ಲಿಯೂ ಇಲ್ಲದ ಸಿಂಗಳೀಕಗಳು ಅಲ್ಲಿ ಮರದಿಂದ ಮರಕ್ಕೆ ಹಾರಿ ಬದುಕುವ ಪ್ರಾಣಿಗಳು. ಹಂದರದಂತೆ ಕೂಡಿದ ಕೊಂಬೆಗಳು ನಡುವೆ ತುಂಡಾದರೆ ಅವುಗಳಿಗೆ ನೆಲಕ್ಕಿಳಿಯದೆ ಗತಿಯಿಲ್ಲ.

ಅದಕ್ಕಿಂತಲೂ ಮುಖ್ಯವಾದುದು ಸಂಖ್ಯೆ. ಇಂದು ಜೀಪಿನ ಕಷ್ಟವೇ ಒಂದು ಬಗೆಯ ಬಾಗಿಲುಗಾವಲು. ಗಂಟೆಗೆ ನೂರಾರು ಜನರನ್ನು ಎತ್ತಿ ಇಳಿಸುವ ಯಂತ್ರವನ್ನು ಕಟ್ಟಿದವರು ಅಸಲು ಹುಟ್ಟಬೇಕಾದರೆ ಗಂಟೆಗೆ ನೂರಾರು ಜನರನ್ನು ತರಲೇಬೇಕು. ಸರ್ವಜ್ಞ ಪೀಠದ ಮಂಟಪವು ನಾಲ್ಕಾರು ಜನರು ಕುಳಿತರೆ ತುಂಬುವಷ್ಟು ಸಣ್ಣದು. ಆ ತುದಿಯ ಹುಲ್ಲುಗಾವಲೂ ಅದರ ಮಡಿಲಿನ ಶೋಲೆಯ ಕಾಡೂ ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ತೊಟ್ಟುತೊಟ್ಟಾಗಿ ಬಿಡುವ ಪಾತ್ರೆಗಳು. ಅದನ್ನು ಸಂತೆಯ ಮಾಳವನ್ನಾಗಿ ಮಾಡಿ, ಕೆಳಗೆ ಸೌಪರ್ಣಿಕೆಗೆ ಆರತಿ ಎತ್ತಿದರೆ ಏನು ಬಂತು?

ಮಳೆಯ ವಿಷಯವನ್ನೂ ಮರೆಯಬಾರದು. ಕೊಡಚಾದ್ರಿಯಿಂದ ದೂರವಿಲ್ಲದ ಹುಲಿಕಲ್ಲು ಕರ್ನಾಟಕದಲ್ಲಿ ಅತ್ಯಧಿಕ ಮಳೆ ಬೀಳುವ ಊರುಗಳಲ್ಲಿ ಒಂದು. ೨೦೨೪ರ ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ—ನಮ್ಮ ಬೈಂದೂರಿನ ಶಿರೂರಲ್ಲ—ಹೆದ್ದಾರಿಗಾಗಿ ಕಡಿದ ಗುಡ್ಡವು ಕುಸಿದು ಚಹದ ಅಂಗಡಿಯನ್ನೂ ಲಾರಿಗಳನ್ನೂ ಜನರನ್ನೂ ಗಂಗಾವಳಿಗೆ ತಳ್ಳಿತು. ಎರಡು ವಾರ ಕಳೆದು ಜುಲೈ ೩೦ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳು ಮಣ್ಣಿನಡಿಯಾದವು. ಕೊಡಚಾದ್ರಿಯು ನಾಳೆಯೇ ಕುಸಿಯುವದೆಂದು ಹೆದರಿಸುವದು ನಮ್ಮ ಉದ್ದೇಶವಲ್ಲ. ಆದರೆ ಇಷ್ಟನ್ನು ಕಣ್ಣಾರೆ ಕಂಡ ಮೇಲೂ ಕಡಿದಾದ ಇಳಿಜಾರಿನಲ್ಲಿ ನೆಲವನ್ನು ಅಗೆಯಲು ಹೊರಡುವವರು, ಅಗೆಯದೆ ಆಗುವ ಕೆಲಸವು ಯಾವುದೂ ಉಳಿದಿಲ್ಲವೆಂದು ಮೊದಲು ತೋರಿಸಿಕೊಡಬೇಕು.

ಅಂಥ ಕೆಲಸಗಳು ಎಷ್ಟೋ ಉಳಿದಿವೆ. ಕೊಲ್ಲೂರಿನಿಂದ ಏರುವ ಕಾಲುಹಾದಿಗೆ ನೀರು ಕೊರೆದ ಎಡೆಗಳಲ್ಲಿ ಊರ ಕಲ್ಲಿನಿಂದ ಮೆಟ್ಟಿಲು ಕಟ್ಟಿ, ದಣಿದವರು ಕೂಡಲು ಕಟ್ಟೆಗಳನ್ನು ಹಾಕಿ, ದಾರಿಬಲ್ಲ ಊರ ತರುಣರನ್ನು ಸಂಬಳಕ್ಕೆ ನೇಮಿಸಬಹುದು. ದಿನಕ್ಕೆ ಇಂತಿಷ್ಟೇ ಜೀಪುಗಳೆಂದು ಗೊತ್ತು ಮಾಡಿ, ಅವುಗಳಲ್ಲಿ ಮೊದಲ ಹಕ್ಕನ್ನು ವೃದ್ಧರಿಗೂ ಅಂಗವಿಕಲರಿಗೂ ಕೊಟ್ಟು, ಕೆಟ್ಟ ಏರನ್ನು ಅಗಲ ಮಾಡದೆಯೇ ಗಟ್ಟಿ ಮಾಡಬಹುದು. ಚಾಲಕರ ಮನೆಗಳ ಒಲೆಯೂ ಆರುವದಿಲ್ಲ. ಮಳೆಗಾಲದಲ್ಲಿ ಬೆಟ್ಟಕ್ಕೆ ವಿಶ್ರಾಂತಿಯನ್ನು ಕೊಡಬಹುದು. ಬಟ್ಟಲಷ್ಟು ಕಷಾಯ ತೀರ್ಥವನ್ನು ಕುಡಿದು ತೃಪ್ತನಾಗುವ ಭಕ್ತನು, ಪ್ಲಾಸ್ಟಿಕ್ಕಿನ ಶೀಸೆಯನ್ನು ಕೆಳಗಿನ ಕಟ್ಟೆಯಲ್ಲಿಯೇ ಬಿಟ್ಟು ತಂಬಿಗೆಯಲ್ಲಿ ನೀರು ಒಯ್ಯೆಂದರೆ ಕೇಳದೆ ಇರಲಾರನು. ಇದೆಲ್ಲಕ್ಕೂ ಬೇಕಾದ ಹಣವು ಆಕಾಶದಿಂದ ಬೀಳಬೇಕಾಗಿಲ್ಲ. ದೇವಸ್ಥಾನದ ವರಮಾನದಲ್ಲಿ ಒಂದು ಪಾಲನ್ನು ಮೂಲಸ್ಥಾನಕ್ಕೂ ಹೊಳೆಗೂ ಎಂದು ಎತ್ತಿಡಲಿ.

ಆದರೆ ಇದನ್ನು ಮಾಡುವವರು ಯಾರು ಎಂಬಲ್ಲಿಗೆ ನಾವು ಮತ್ತೆ ಆ ಗೆರೆಯ ಬಳಿಗೇ ಬರುತ್ತೇವೆ. ಗುಡಿಯು ಮುಜರಾಯಿಗೆ, ಕಾಡು ಅರಣ್ಯ ಇಲಾಖೆಗೆ, ರಸ್ತೆಯು ಲೋಕೋಪಯೋಗಿಗೆ, ತುದಿಯು ಹೊಸನಗರ ತಾಲೂಕಿಗೆ, ಬುಡವು ೨೦೧೮ರಲ್ಲಿ ಕುಂದಾಪುರದಿಂದ ಬೇರ್ಪಟ್ಟ ಬೈಂದೂರಿಗೆ. ಎರಡೂ ಜಿಲ್ಲೆಗಳ ಅಧಿಕಾರಿಗಳು, ದೇವಸ್ಥಾನದವರು, ಅರಣ್ಯದವರು, ಹೊಳೆಯ ಕೆಳಗಿನ ಊರುಗಳ ಪಂಚಾಯತರು ಒಂದೇ ಜಗಲಿಯಲ್ಲಿ ಕೂಡುವ ಒಂದು ಮಂಡಲಿಯು ಬೇಕು. ಮೂರು ಸರಕಾರಗಳಲ್ಲಿ ಹಂಚಿಹೋದ ನಾಡನ್ನು ಒಂದುಮಾಡಿದ ಜನರಿಗೆ ಎರಡು ಕಚೇರಿಗಳನ್ನು ಒಂದು ಮೇಜಿಗೆ ತರುವದು ಅಸಾಧ್ಯವೆಂದು ಹೇಳಿದರೆ ನಾವು ನಂಬಲಾರೆವು.

ಉಪಾಧ್ಯಾಯ ಬಂಧುಗಳಿಗೆ ಒಂದು ಮಾತು. ಶಾಲೆಯ ಪ್ರವಾಸವೆಂದರೆ ಬಸ್ಸಿನಲ್ಲಿ ತುಂಬಿ ಮೂರು ದಿನಗಳಲ್ಲಿ ಹದಿನಾರು ಊರುಗಳನ್ನು ತೋರಿಸುವದೆಂಬ ಪದ್ಧತಿಯು ಬೆಳೆದುಬಿಟ್ಟಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಿರಿಯ ತರಗತಿಯ ಮಕ್ಕಳನ್ನು ಮಳೆ ಕಳೆದ ಮೇಲೆ ಒಂದು ಸಲ ಗಂಗೊಳ್ಳಿಯ ಅಳಿವೆಯಿಂದ ಹೊರಡಿಸಿ, ಮರವಂತೆಯ ತಿರುವನ್ನೂ ಕಿಂಡಿ ಅಣೆಕಟ್ಟನ್ನೂ ತೋರಿಸಿ, ಕೊಲ್ಲೂರಿನಲ್ಲಿ ರಾತ್ರಿ ತಂಗಿಸಿ, ಮರುದಿನ ನಡೆಸಿಕೊಂಡು ಮೂಲಸ್ಥಾನಕ್ಕೆ ಒಯ್ಯಿರಿ. ನಮ್ಮ ಕಡೆಯ ಒಬ್ಬ ಅಜ್ಜಿಯು ಆ ಏರಿನಲ್ಲಿ ಕೋಲೂರಿ ನಿಂತು, ಅವಸರಪಡುತ್ತಿದ್ದ ಮೊಮ್ಮಗನಿಗೆ, "ಅಮ್ಮನ್ ಕಾಂಬುಕ್ ಹೋಪ್ದಲ್ದಾ ಮಗಾ, ಗಡಿಬಿಡಿ ಎಂತಕೆ?" ಎಂದು ಹೇಳಿದ್ದನ್ನು ನಾವು ಕೇಳಿದ್ದೇವೆ. ನಡೆದು ಹೋದ ಮಗುವು ಹೊಳೆಯ ಹುಟ್ಟನ್ನೂ ಕೊನೆಯನ್ನೂ ಒಂದೇ ಉಸಿರಿಗೆ ಹೇಳಬಲ್ಲದು. ಪಠ್ಯಪುಸ್ತಕದ ಎರಡು ಪುಟಗಳಿಂದ ಅದು ಆಗುವದಿಲ್ಲ.

ತಂತಿದಾರಿಗೆ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ಒಪ್ಪಿಗೆಯ ಮೊದಲು ಸಾರ್ವಜನಿಕರ ಅಭಿಪ್ರಾಯಕ್ಕೂ ಎಡೆಯುಂಟು. ಅಭಿಪ್ರಾಯವನ್ನು ಬರೆಯುವ ವಾಚಕರು ಪ್ರತಿಯನ್ನು ಉಡುಪಿಯ ಜಿಲ್ಲಾಧಿಕಾರಿಗಳಿಗೆ ಮಾತ್ರ ಕಳಿಸಿ ಸುಮ್ಮನಾಗಬಾರದು. ಶಿವಮೊಗ್ಗೆಯ ಜಿಲ್ಲಾಧಿಕಾರಿಗಳಿಗೂ ಒಂದನ್ನು ಕಳಿಸಿ, ಎರಡರಲ್ಲಿಯೂ ಇನ್ನೊಂದನ್ನು ಕಳಿಸಿದ ಸಂಗತಿಯನ್ನು ಮೊದಲ ಸಾಲಿನಲ್ಲಿಯೇ ಕಾಣಿಸಬೇಕು. ಇಲ್ಲವಾದರೆ, ಸದರಿ ವಿಷಯವು ಈ ಕಚೇರಿಯ ಸರಹದ್ದಿಗೆ ಸೇರಿದ್ದಲ್ಲವೆಂಬ ಉತ್ತರವು ಎರಡು ಕಡೆಗಳಿಂದಲೂ ಬರುವದು.